ಡಯಾಲಿಸಿಸ್ ಲೆಕ್ಕಕ್ಕೆ ರೋಗಿಯ ಬಸ್ ಚಾರ್ಜೂ ಸೇರ್ಬೇಕಾ?

ಪರ

ಯಾವ ಬಗೆಯ ಡಯಾಲಿಸಿಸ್‌ಗೆ ಎಷ್ಟು ಖರ್ಚು, ಅದ್ರಿಂದ ಎಷ್ಟು ಆರೋಗ್ಯ ಸಿಗ್ತದೆ ಅಂತ ಹೋಲಿಸುವ ಲೆಕ್ಕಕ್ಕೆ ಅದು ಸೇರ್ಲೇಬೇಕು. 2016ರಿಂದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಯೋಜನೆಯಲ್ಲಿ ಬಡವರಿಗೆ ಡಯಾಲಿಸಿಸ್ ಫ್ರೀ ಉಂಟು, ಆದ್ರೆ ಫ್ರೀ ಆಗುದು ಆಸ್ಪತ್ರೆ ಬಿಲ್ ಮಾತ್ರ. ಸುಬ್ರಹ್ಮಣ್ಯದ ಆಚೆ ಒಳಗಿನ ಊರಿನವ್ರು ವಾರಕ್ಕೆ ಎರಡ್ಮೂರು ಸಲ ಬಸ್ ಹತ್ತಿ ಬಂದು, ನಾಲ್ಕು ಗಂಟೆ ಮೆಷಿನ್ ಹತ್ರ ಮಲಗಿ, ಸುಸ್ತಾಗಿ ವಾಪಸ್ ಹೋಗ್ಬೇಕು, ಜೊತೆಗೆ ಬಂದ ಹೆಂಡ್ತಿದು ಆ ದಿನದ ಬೀಡಿ ಕಟ್ಟುವ ಕೆಲ್ಸವೂ ಹೋಯ್ತು, ಇದು ಆಸ್ಪತ್ರೆಯ ಯಾವ ಲೆಕ್ಕದಲ್ಲೂ ಬರುದಿಲ್ಲ. ಜೀವನದ ಗುಣಮಟ್ಟ ಅಳೆಯುವ ಇಕ್ಯೂ-5ಡಿ ಪ್ರಶ್ನಾವಳಿ ಸಹ ಓಡಾಟ, ಸ್ವಂತ ಆರೈಕೆ, ದಿನದ ಕೆಲ್ಸ, ನೋವು, ಆತಂಕ ಅಂತ ಐದನ್ನು ಕೇಳ್ತದೆ, ಬಸ್ಸಿನ ವಿಷಯ ಕೇಳುದಿಲ್ಲ.

ಮನೆಯಲ್ಲೇ ಹೊಟ್ಟೆಯೊಳಗೆ ದ್ರವ ಬಿಟ್ಟು ಮಾಡುವ ಪೆರಿಟೋನಿಯಲ್ ಡಯಾಲಿಸಿಸ್ ಆಸ್ಪತ್ರೆ ಲೆಕ್ಕದಲ್ಲಿ ದುಬಾರಿ ಕಂಡ್ರೂ ಇವ್ರಿಗೆ ಒಟ್ಟಲ್ಲಿ ಅಗ್ಗ ಆಗ್ಬಹುದು, ಮಂಗಳೂರು ಪೇಟೆಯೊಳಗೆ ಹಂಪನಕಟ್ಟೆ ಹತ್ರ ಇರುವವ್ರಿಗೆ ಆಗ್ಲಿಕ್ಕಿಲ್ಲ. ಎಲ್ಲರಿಗೂ ಒಂದೇ ಸರಾಸರಿ ಹಾಕಿದ್ರೆ ಈ ವ್ಯತ್ಯಾಸ ಕಾಣುದೇ ಇಲ್ಲ. ನೆಟ್ ಬೆನಿಫಿಟ್ ರಿಗ್ರೆಷನ್‌ನಲ್ಲಿ ಕಾಣ್ತದೆ: ಪ್ರತಿ ರೋಗಿಗೆ ಸಿಕ್ಕಿದ ಆರೋಗ್ಯಕ್ಕೆ ಒಂದು ಬೆಲೆ ಕಟ್ಟಿ, ಅದ್ರಿಂದ ಖರ್ಚು ಕಳೆದು, ಉಳಿದದ್ದು ದೂರಕ್ಕೆ, ವಯಸ್ಸಿಗೆ, ಮನೆಯಲ್ಲಿ ನೋಡ್ಕೊಳ್ಳುವವ್ರು ಇದ್ದಾರಾ ಅನ್ನುದಕ್ಕೆ ತಕ್ಕ ಹಾಗೆ ಹೇಗೆ ಬದಲಾಗ್ತದೆ ಅಂತ ನೋಡುದು.

ವಿರೋಧ

ಬೇಡ. ಕಳೆದುಹೋದ ಸಂಬಳ ಸೇರಿಸ್ತೀರಿ ಅಂದ್ರೆ ಬ್ಯಾಂಕಿನವ್ರ ಒಂದು ದಿನಕ್ಕೆ ಹೆಚ್ಚು ಬೆಲೆ, ಬೀಡಿ ಕಟ್ಟುವವ್ರ ದಿನಕ್ಕೆ ಕಡಿಮೆ, ಮನೆಯಲ್ಲಿರುವ ಅಜ್ಜಿಯ ದಿನಕ್ಕೆ ಸೊನ್ನೆ. ಬಡವರಿಗೋಸ್ಕರ ಶುರು ಮಾಡಿದ ಲೆಕ್ಕ ಉಳ್ಳವರ ಕಡೆಗೇ ವಾಲ್ತದೆ. ಇದು ನಂಗೆ ತುಂಬ ಗಟ್ಟಿ ಆಕ್ಷೇಪ ಅನಿಸ್ತದೆ, ಎಲ್ಲರ ಸಮಯಕ್ಕೂ ಒಂದೇ ದರ ಹಾಕಿದ್ರೆ ಮಾತ್ರ ಇದ್ರಿಂದ ತಪ್ಪಿಸ್ಕೊಳ್ಬಹುದು.

ಇನ್ನು ಡೇಟಾ. ಆಸ್ಪತ್ರೆ ಖರ್ಚು ಯಾವಾಗ್ಲೂ ಒಂದೇ ಕಡೆ ಎಳೆದ ಹಾಗೆ ಇರ್ತದೆ, ಹೆಚ್ಚಿನವ್ರದು ಸ್ವಲ್ಪ, ಐಸಿಯು ಸೇರಿದ ಒಬ್ಬಿಬ್ರದು ಲಕ್ಷಗಟ್ಲೆ. ನೂರು ರೋಗಿಗಳನ್ನು ಊರು, ವಯಸ್ಸು, ಮನೆ ಪರಿಸ್ಥಿತಿ ಅಂತ ತುಂಡು ಮಾಡ್ತಾ ಹೋದ್ರೆ ಒಂದೊಂದು ಗುಂಪಲ್ಲಿ ಏಳೆಂಟು ಜನ ಉಳೀತಾರೆ, ಅವ್ರಲ್ಲಿ ಒಬ್ರಿಗೆ ಹೊಟ್ಟೆಯೊಳಗೆ ಇನ್ಫೆಕ್ಷನ್ ಆಗಿ ಐಸಿಯುಗೆ ಹೋದ್ರೆ ಸಾಕು, ಆ ಕಡೆಯವ್ರಿಗೆಲ್ಲ ಮನೆ ಡಯಾಲಿಸಿಸ್ ದಂಡ ಅಂತ ಉತ್ತರ ಬರ್ತದೆ. ಅದೇ ಡೇಟಾದಿಂದ ಸಾವಿರ ಸಲ ಹೆಕ್ಕಿ ಹೆಕ್ಕಿ ನೋಡುವ ಬೂಟ್‌ಸ್ಟ್ರ್ಯಾಪ್ ಮಾಡಿದ್ರೆ ಉತ್ತರ ಎಷ್ಟು ಅಲ್ಲಾಡ್ತದೆ ಅಂತ ಗೊತ್ತಾಗ್ತದೆ, ಆದ್ರೆ ಇಲ್ಲದ ರೋಗಿಗಳ ಮಾಹಿತಿ ಅದು ಎಲ್ಲಿಂದ ತರ್ತದೆ? ಅಷ್ಟು ಕಮ್ಮಿ ಜನರನ್ನು ನೋಡಿ ಒಂದಿಡೀ ತಾಲೂಕಿಗೆ ಇಂಥದ್ದೇ ಚಿಕಿತ್ಸೆ ಅಂತ ಬರೆದಿಡುದು ಸರಿಯಲ್ಲ.