ಫಾರ್ಮ್ಯಾಟ್ ಹೊಡೆಯೋ ಮುಂಚೆ ಒಂದು ಮಾತು ಕೇಳ್ರಪ್ಪಾ

ಸಂಜೆಯಿಂದ ಸಿಟ್ಟು ಇಳಿದಿಲ್ಲ. ನಮ್ಮ ಬೀದಿಯ ನಿವೃತ್ತ ಮೇಷ್ಟ್ರ ಮನೆ ಕಂಪ್ಯೂಟರ್ ಆನ್ ಮಾಡಿದರೆ ಕಪ್ಪು ಪರದೆ. ಅದರ ಮೇಲೆ 'ಅನ್‌ನೋನ್ ಫೈಲ್‌ಸಿಸ್ಟಮ್', ಕೆಳಗೆ 'ಗ್ರಬ್ ರೆಸ್ಕ್ಯೂ' (ಗ್ರಬ್ ಅಂದರೆ ಯಂತ್ರ ಆನ್ ಆದಾಗ ಆಪರೇಟಿಂಗ್ ಸಿಸ್ಟಮ್ ಎಬ್ಬಿಸುವ ತಂತ್ರಾಂಶ), ಅಷ್ಟೇ. ವಿಂಡೋಸೂ ಬರಲ್ಲ, ಮಗಳು ಓದಿಗೆ ಅಂತ ಹಾಕಿಕೊಂಡಿದ್ದ ಉಬುಂಟೂ (ವಿಂಡೋಸಿನಂಥದೇ ಉಚಿತ ಲಿನಕ್ಸ್ ವ್ಯವಸ್ಥೆ) ಬರಲ್ಲ. ರಿಪೇರಿ ಅಂಗಡಿಯ ಹುಡುಗ ನೋಡಿದವನೇ "ಹಾರ್ಡ್ ಡಿಸ್ಕ್ ಕರಪ್ಟ್ ಆಗಿದೆ ಸರ್, ಫಾರ್ಮ್ಯಾಟ್ ಹೊಡೀಬೇಕು" ಅಂದನಂತೆ. ಮೇಷ್ಟ್ರು ವರ್ಷಗಟ್ಟಲೆ ಕೂತು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಊರಿನ ಚರಿತ್ರೆ ಅದರಲ್ಲಿದೆ. ಕಾಪಿ ಬೇರೆಲ್ಲೂ ಇಲ್ಲ. "ಹೋಗ್ಲಿ ಬಿಡಿ, ಇನ್ನೊಂದ್ಸಲ ಬರೀತೀನಿ" ಅಂದರು. ಆ ವಯಸ್ಸಿನಲ್ಲಿ ಆ ಮಾತು ಯಾಕೆ ಆಡಬೇಕು ಅವರು?

ಡಿಸ್ಕ್ ಕರಪ್ಟ್ ಆಗಿರಲಿಲ್ಲ. ಒಂದೇ ಒಂದು ಫೈಲೂ ಕೆಟ್ಟಿರಲಿಲ್ಲ.

ಆಗಿದ್ದು ಇಷ್ಟು. ಹಳೇ ಬಯಾಸ್ (ಯಂತ್ರವನ್ನು ಮೊದಲು ಎಬ್ಬಿಸುವ ಮೂಲ ತಂತ್ರಾಂಶ) ಯಂತ್ರ ಅದು. ಡಿಸ್ಕಿನ ಮೊದಲ ಸೆಕ್ಟರ್ 512 ಬೈಟ್. ಅದರಲ್ಲಿ 446 ಬೈಟ್ ಬೂಟ್ ಕೋಡಿಗೆ, 64 ಬೈಟ್ ಪಾರ್ಟಿಷನ್ ಟೇಬಲ್ಲಿಗೆ, ಅಂದರೆ ಡಿಸ್ಕಿನ ಭಾಗಗಳ ಪಟ್ಟಿಗೆ. ಅಷ್ಟು ಚಿಕ್ಕ ಜಾಗದಲ್ಲಿ ಗ್ರಬ್ ಪೂರ್ತಿ ಹಿಡಿಸಲ್ಲ. ಹಾಗಾಗಿ ಅದರ ತಿರುಳನ್ನು ಮೊದಲ ಪಾರ್ಟಿಷನ್ನಿಗೂ ಮುಂಚಿನ ಖಾಲಿ ಜಾಗದಲ್ಲಿ ಇಟ್ಟು, 'ಉಳಿದದ್ದೆಲ್ಲ ಆರನೇ ಪಾರ್ಟಿಷನ್ನಿನಲ್ಲಿದೆ' ಅಂತ ಅದಕ್ಕೆ ಹೇಳಿರುತ್ತಾರೆ. ಮೊನ್ನೆ ಬಂದಿದ್ದ ನೆಂಟರೊಬ್ಬರು ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಡಿ ಡ್ರೈವ್ ಎರಡು ಮಾಡಿಕೊಟ್ಟು ಹೋಗಿದ್ದಾರೆ. ನಡುವೆ ಹೊಸದೊಂದು ಹುಟ್ಟಿತು, ಉಬುಂಟು ಇದ್ದ ಆರು ಏಳಾಯಿತು. ಬಾಗಿಲ ಮೇಲಿನ ನಂಬರ್ ಬದಲಾಗಿದೆ, ಮನೆಗೇನೂ ಆಗಿಲ್ಲ. ಮನೆಯನ್ನೇ ಕೆಡವಿ ಅಂತಾನಲ್ಲ ಆ ಹುಡುಗ!

ಆ ಕಪ್ಪು ಪರದೆಯಲ್ಲೇ ಎಲ್‌ಎಸ್ ಅಂತ ಹೊಡೆದರೆ ಎಲ್ಲ ಪಾರ್ಟಿಷನ್ ತೋರಿಸುತ್ತೆ. ಒಂದೊಂದರ ಒಳಗೂ ಇಣುಕಿ, ಬೂಟ್ ಫೋಲ್ಡರಿನಲ್ಲಿ ಗ್ರಬ್ ಯಾವುದರಲ್ಲಿದೆ ಅಂತ ಹುಡುಕಬೇಕು. ಸಿಕ್ಕಿದ ಮೇಲೆ ಸೆಟ್ ಕಮಾಂಡಿನಿಂದ ಪ್ರಿಫಿಕ್ಸ್ ಮತ್ತು ರೂಟ್ ಎರಡಕ್ಕೂ ಹೊಸ ವಿಳಾಸ ಕೊಟ್ಟು, ಇನ್ಸ್‌ಮಾಡ್ ನಾರ್ಮಲ್, ಆಮೇಲೆ ನಾರ್ಮಲ್. ಮೆನು ಬಂತು. ಉಬುಂಟು ತನ್ನ ಪಾರ್ಟಿಷನ್ನನ್ನು ನಂಬರಿನಿಂದಲ್ಲ, ಯುಯುಐಡಿ ಅನ್ನೋ ಪ್ರತ್ಯೇಕ ಸಂಕೇತದಿಂದ ಗುರುತಿಸುವುದರಿಂದ ಸಲೀಸಾಗಿ ತೆರೆಯಿತು. ಒಳಗೆ ಹೋಗಿ ಟರ್ಮಿನಲ್ಲಿನಲ್ಲಿ ಗ್ರಬ್-ಇನ್‌ಸ್ಟಾಲ್ ಇಡೀ ಡಿಸ್ಕಿನ ಮೇಲೆ (ಪಾರ್ಟಿಷನ್ ಮೇಲಲ್ಲ), ಹಿಂದೆಯೇ ಅಪ್‌ಡೇಟ್-ಗ್ರಬ್. ಮುಗೀತು. ಮೇಷ್ಟ್ರ ಮಗಳು ಪಕ್ಕದಲ್ಲಿ ನಿಂತು "ಅಂಕಲ್, ಇಷ್ಟೇನಾ?" ಅಂದಳು. ಇಷ್ಟೇ ಕಣಮ್ಮ.

ಬೂಟ್ ಆಗದೇ ಇರುವುದು ಬೇರೆ, ಡೇಟಾ ಹೋಗುವುದು ಬೇರೆ. ಇದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ. 2024ರ ಆಗಸ್ಟಿನಲ್ಲಿ ಬಂದ ವಿಂಡೋಸ್ ಅಪ್‌ಡೇಟ್ ನೆನಪಿದೆಯಾ? ಲಿನಕ್ಸ್ ಜೊತೆಗಿದ್ದ ಎಷ್ಟೋ ಯಂತ್ರಗಳಲ್ಲಿ 'ಏನೋ ಗಂಭೀರವಾಗಿ ತಪ್ಪಾಗಿದೆ' ಎಂಬರ್ಥದ ಇಂಗ್ಲಿಷ್ ಸಾಲು ತೋರಿಸಿ ಆಫ್ ಆಗುತ್ತಿದ್ದವು. ನೋಡಿದವರ ಎದೆ ಒಡೆಯಬೇಕು, ಹಾಗಿತ್ತು ಆ ಸಾಲು. ಆಗಲೂ ಲಿನಕ್ಸ್ ಪಾರ್ಟಿಷನ್ ಇದ್ದ ಹಾಗೇ ಇತ್ತು. ಬದಲಾಗಿದ್ದು ಮದರ್‌ಬೋರ್ಡಿನ ನೆನಪಿನಲ್ಲಿರುವ ಎಸ್‌ಬ್ಯಾಟ್ ಎಂಬ ಭದ್ರತಾ ಪಟ್ಟಿ. ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇಲ್ಲದ ತಂತ್ರಾಂಶ ಏಳದಂತೆ ತಡೆಯುವ ಕಾವಲು) ತಾತ್ಕಾಲಿಕವಾಗಿ ಆಫ್ ಮಾಡಿ, ಉಬುಂಟುವಿನೊಳಗೆ ಮೋಕ್‌ಯುಟಿಲ್ ಎಂಬ ಕಮಾಂಡಿನಿಂದ ಆ ಪಟ್ಟಿ ಅಳಿಸಿ, ರೀಸ್ಟಾರ್ಟ್ ಮಾಡಿ, ಸೆಕ್ಯೂರ್ ಬೂಟ್ ಮತ್ತೆ ಆನ್ ಮಾಡಿದರೆ ಸಾಕಿತ್ತು.

ವಿಂಡೋಸ್ ಕೂಡ ಆ ಹುಡುಗನ ಹಾಗೇ ಸುಮ್ಮನೆ ಫಾರ್ಮ್ಯಾಟ್ ಮಾಡು ಅನ್ನುತ್ತದೆ. ಲಿನಕ್ಸಿನ ಇಎಕ್ಸ್‌ಟಿ4 ಪಾರ್ಟಿಷನ್ ಅದಕ್ಕೆ ಓದಲು ಬರಲ್ಲ. ಅದಕ್ಕೊಂದು ಡ್ರೈವ್ ಅಕ್ಷರ ಕೊಟ್ಟು ತೆರೆಯಲು ಹೋದರೆ 'ಬಳಸುವ ಮುಂಚೆ ಫಾರ್ಮ್ಯಾಟ್ ಮಾಡಬೇಕು' ಅಂತ ಕೇಳುತ್ತದೆ. ದಯವಿಟ್ಟು ಕ್ಯಾನ್ಸಲ್ ಒತ್ತಿ.

ಅಂಗಡಿಯವರ ಪರವಾಗಿ ಒಂದು ಮಾತು ಬರುತ್ತೆ: ದಿನಕ್ಕೆ ಹತ್ತಾರು ಯಂತ್ರ ನೋಡಬೇಕು, ಗಿರಾಕಿ ಕೊಡೋ ಕಾಸಿಗೆ ಪಾರ್ಟಿಷನ್ ಹುಡುಕುತ್ತಾ ಕೂರೋಕಾಗಲ್ಲ. ಸರಿ, ಕೂರಬೇಡಿ. ಆದರೆ "ಒಳಗೆ ಬೇಕಾದ್ದೇನಾದರೂ ಇದೆಯಾ?" ಅಂತ ಕೇಳೋದಕ್ಕೆ ಎಷ್ಟು ಹೊತ್ತು ಬೇಕು? ಕೆಲವರು "ಸಿ ಡ್ರೈವ್ ಮಾತ್ರ ಸರ್, ಏನೂ ಹೋಗಲ್ಲ" ಅಂತಾರೆ. ಡೆಸ್ಕ್‌ಟಾಪೂ ಡಾಕ್ಯುಮೆಂಟ್ಸೂ ಸಾಮಾನ್ಯವಾಗಿ ಇರೋದೇ ಸಿ ಡ್ರೈವಿನಲ್ಲಿ! ಅಮ್ಮ ಹಾಡಿದ್ದ ಸೋಬಾನೆ ಪದಗಳನ್ನು ಕ್ಯಾಸೆಟ್‌ನಿಂದ ಇಳಿಸಿ ಇಟ್ಟಿದ್ದೆ, ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಒಂದು ಅಂಗಡಿಯಲ್ಲಿ ನನ್ನನ್ನು ಕೇಳದೆಯೇ ಫಾರ್ಮ್ಯಾಟ್ ಹೊಡೆದರು. ಅಷ್ಟು ಹೊತ್ತಿಗೆ ಕ್ಯಾಸೆಟ್ ಬೂಷ್ಟು ಹಿಡಿದಿತ್ತು. ಇವತ್ತಿಗೂ ಆ ಹಾಡು ನನ್ನ ಹತ್ತಿರ ಇಲ್ಲ. ಈ ವಿಷಯ ಬಂದರೆ ದನಿ ಏರೋದು ಅದಕ್ಕೇ.

ಕಮಾಂಡ್ ಗೊತ್ತಿಲ್ಲದವರೂ ಒಂದು ಕೆಲಸ ಮಾಡಬಹುದು. ಉಬುಂಟು ಲೈವ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಬೇಡ, 'ಟ್ರೈ ಉಬುಂಟು' ಆರಿಸಿ. ವಿಂಡೋಸಿನ ಡ್ರೈವೂ ಅಲ್ಲಿ ಕಾಣುತ್ತದೆ. (ಬಿಟ್‌ಲಾಕರ್ ಅನ್ನೋ ವಿಂಡೋಸಿನ ಬೀಗ ಹಾಕಿದ್ದರೆ ಮಾತ್ರ 48 ಅಂಕಿಯ ರಿಕವರಿ ಕೀ ಬೇಕು.) ಬೇಕಾದ್ದನ್ನೆಲ್ಲ ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ಡಿಸ್ಕ್ ಕಟಕಟ ಸದ್ದು ಮಾಡುತ್ತಿದ್ದರೆ ಅದು ನಿಜವಾದ ಹಾರ್ಡ್‌ವೇರ್ ರೋಗ. ಆಗ ಯಂತ್ರ ಆಫ್ ಮಾಡಿ, ಡೇಟಾ ರಿಕವರಿ ಬಲ್ಲವರ ಹತ್ತಿರ ಹೋಗಿ.

ಪೆನ್‌ಡ್ರೈವ್ ಮಾಡಿಕೊಳ್ಳಲು ಬರದಿದ್ದರೆ ಮನೆಗೆ ಬನ್ನಿ, ಮಾಡಿಕೊಡುತ್ತೇನೆ. ದೂರದವರು ಪರದೆಯ ಫೋಟೋ ಕಳಿಸಿ. ಅಲ್ಲಿಯವರೆಗೆ ಯಂತ್ರವನ್ನು ಯಾರ ಕೈಗೂ ಕೊಡಬೇಡಿ.