"ನಮ್ಮಲ್ಲಿ ಜಾತಿ ಇಲ್ಲ" ಅನ್ನೋ ಪ್ರಸಂಗ ಇನ್ನು ಸಾಕು

2025ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಜಾತಿ ಸಮೀಕ್ಷೆ ಶುರುವಾಗೋ ಹೊತ್ತಿಗೆ ಪಟ್ಟಿಯಲ್ಲಿ ಒಕ್ಕಲಿಗ ಕ್ರಿಶ್ಚಿಯನ್, ಕುರುಬ ಕ್ರಿಶ್ಚಿಯನ್ ಅಂತೆಲ್ಲ ಹೆಸರಿದ್ದಿದ್ದಕ್ಕೆ ದೊಡ್ಡ ಗಲಾಟೆ ಆಯ್ತಲ್ಲ, ಆಗಿಂದ ಇದನ್ನ ಬರೀಬೇಕು ಅಂತಿದ್ದೆ. ರಾಜಕೀಯದವರು ಏನಂದ್ರು ಅನ್ನೋದು ಪಕ್ಕಕ್ಕಿರಲಿ, ನನಗೆ ಚುಚ್ಚಿದ್ದು ನಮ್ಮ ಸಭೆಯವರದ್ದೇ, ಅಂದ್ರೆ ನಮ್ಮ ಚರ್ಚಿನವರದ್ದೇ ಮಾತು. "ಕ್ರೈಸ್ತರಲ್ಲಿ ಜಾತಿ ಅನ್ನೋದೇ ಇಲ್ಲ" ಅಂತ ವಾಟ್ಸಾಪ್ ಗ್ರೂಪ್ ತುಂಬಾ ಫಾರ್ವರ್ಡು, ಜೊತೆಗೆ ಬೈಬಲ್ಲಿನ ಗಲಾತ್ಯ 3:28. ಕ್ರಿಸ್ತನಲ್ಲಿ ಭೇದ ಇಲ್ಲ ಅನ್ನೋದನ್ನ ನಾನು ಪೂರ್ತಿ ನಂಬ್ತೀನಿ, ನಮ್ಮಜ್ಜ ದೀಕ್ಷಾಸ್ನಾನ ತಗೊಂಡಿದ್ದೇ ಆ ಮಾತು ನಂಬಿ. ಆದ್ರೆ ಕ್ರಿಸ್ತನಲ್ಲಿ ಇಲ್ಲ ಅಂದಮಾತ್ರಕ್ಕೆ ನಮ್ಮ ಸಭೆಯಲ್ಲೂ ಇಲ್ಲ ಅಂತಾಗುತ್ತಾ? ಅದೇ ಗ್ರೂಪ್‌ಗೆ ಒಂದು ಹುಡುಗಿ ಬಯೋಡಾಟಾ ಬಂದ್ರೆ ಫೋನ್ ಮಾಡಿ ಮೊದಲು ಕೇಳೋದೇ "ಅವರು ಮೂಲದಲ್ಲಿ ಯಾರು" ಅಂತ. ನಾನು ದಲಿತ ಕ್ರೈಸ್ತರ ಮನೆ ಮಗಳು, ಆ ಪ್ರಶ್ನೆಗೆ ಉತ್ತರ ಕೊಟ್ಟ ಮೇಲೆ ಫೋನಿನ ಆ ಕಡೆ ದನಿ ಹೇಗೆ ಬದಲಾಗುತ್ತೆ ಅನ್ನೋದು ನಮ್ಮನೇಲಿ ಎಲ್ಲರಿಗೂ ಗೊತ್ತು.

ಮನಸ್ಸಿಗೆ ನೋವಾಗುತ್ತೆ ಅನ್ನೋದಷ್ಟಕ್ಕೇ ಇದು ನಿಲ್ಲಲ್ಲ, ಕಾನೂನಿನವರೆಗೂ ಹೋಗುತ್ತೆ. 1950ರ ರಾಷ್ಟ್ರಪತಿ ಆದೇಶದಲ್ಲಿ ಪರಿಶಿಷ್ಟ ಜಾತಿ ಅಂದ್ರೆ ಹಿಂದೂಗಳು ಮಾತ್ರ ಅಂತಿತ್ತು, 1956ರಲ್ಲಿ ಸಿಖ್ಖರನ್ನ ಸೇರಿಸಿದ್ರು, 1990ರಲ್ಲಿ ಬೌದ್ಧರನ್ನ. ಕ್ರೈಸ್ತರು, ಮುಸ್ಲಿಮರು ಇವತ್ತಿಗೂ ಹೊರಗೆ. 1985ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಸೂಸೈ ಕೇಸ್ ಅಂತ ಬಂತು. ಸೂಸೈ ಮದ್ರಾಸಿನಲ್ಲಿ ರಸ್ತೆ ಬದಿ ಕೂತು ಚಪ್ಪಲಿ ಹೊಲಿಯೋ ಮನುಷ್ಯ, ಅವರ ಥರದ ಪರಿಶಿಷ್ಟ ಜಾತಿಯ ಚಮ್ಮಾರರಿಗೆ ಸರ್ಕಾರ ಪುಕ್ಕಟೆ ಬಂಕ್ ಅಂಗಡಿ ಕೊಡ್ತು, ಇವರಿಗೆ ಮಾತ್ರ ಕೊಡಲಿಲ್ಲ, ಯಾಕಂದ್ರೆ ಇವರು ಕ್ರೈಸ್ತರು. ಅದೇ ರಸ್ತೆ, ಅದೇ ಉಳಿ, ಅದೇ ಚರ್ಮ. ಕೋರ್ಟು ಅರ್ಜಿ ವಜಾ ಮಾಡ್ತು. ಮತಾಂತರ ಆದ ಮೇಲೂ ಹೊಸ ಧರ್ಮದ ಒಳಗೆ ಅಷ್ಟೇ ತೀವ್ರವಾಗಿ ಜಾತಿಯ ಕಷ್ಟ ಮುಂದುವರಿದಿದೆ ಅನ್ನೋದಕ್ಕೆ ಸಾಕಷ್ಟು ಆಧಾರ ಇಲ್ಲ ಅಂತ.

ಈಗ ಯೋಚನೆ ಮಾಡಿ, ಆ ಆಧಾರ ಕೊಡಬೇಕಾದವರು ಯಾರು? ನಾವೇ ತಾನೇ? ನಾವು ಭಾನುವಾರ ವೇದಿಕೆ ಮೇಲೆ ನಿಂತು "ನಮ್ಮಲ್ಲಿ ಜಾತಿ ಇಲ್ಲ" ಅಂತ ಹೇಳಿ, ಸೋಮವಾರ ದಲಿತ ಕ್ರೈಸ್ತರಿಗೆ ಮೀಸಲಾತಿ ಕೊಡಿ ಅಂತ ಮನವಿ ಕೊಟ್ರೆ ಯಾರು ನಂಬ್ತಾರೆ? ಇದೇ ಪ್ರಶ್ನೆ ನೋಡೋಕೆ ಅಂತ 2022ರಲ್ಲಿ ಕೆ.ಜಿ. ಬಾಲಕೃಷ್ಣನ್ ಆಯೋಗ ಮಾಡಿದ್ರು. ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಜಾತಿಯಿಂದ ಬಂದ ಕ್ರೈಸ್ತರನ್ನ ಹಿಂದುಳಿದ ವರ್ಗಗಳ ಪ್ರವರ್ಗ-1ಕ್ಕೆ ಹಾಕಿದಾರೆ ನಿಜ, ಅದರಿಂದ ಪರಿಶಿಷ್ಟ ಜಾತಿಯ ಸ್ಥಾನಮಾನ ಸಿಗಲ್ಲ.

ಆಧಾರ ಬೇಕಾದಷ್ಟಿದೆ. ತಿರುಚಿರಾಪಳ್ಳಿಯ ಮೇಲಪುದೂರಿನ ಕ್ರೈಸ್ತರ ಸ್ಮಶಾನದಲ್ಲಿ ದಲಿತರ ಗೋರಿಗೂ ಉಳಿದವರ ಗೋರಿಗೂ ನಡುವೆ ಗೋಡೆ ಕಟ್ಟಿದ್ರು, ಸತ್ತ ಮೇಲೂ ಗೋಡೆ ಅಂದ್ರೆ ನೋಡಿ. 2018ರಲ್ಲಿ ಕೇರಳದ ಕೊಟ್ಟಾಯಂನ ದಲಿತ ಕ್ರೈಸ್ತ ಹುಡುಗನ್ನ ಅವನು ಪ್ರೀತಿಸಿದ ಹುಡುಗಿಯ ಅಣ್ಣ, ಅವನ ಜೊತೆಯವರು ಸೇರಿ ಕೊಂದಿದ್ದನ್ನ ಕೋರ್ಟು ಮರ್ಯಾದೆಗೇಡು ಹತ್ಯೆ ಅಂತಲೇ ಹೇಳ್ತು, ಹತ್ತು ಜನಕ್ಕೆ ಶಿಕ್ಷೆ ಆಯ್ತು. ಕಥೋಲಿಕ ಬಿಷಪ್‌ಗಳ ಮಂಡಳಿ 2016ರಲ್ಲಿ ದಲಿತ ನೀತಿ ಅಂತ ಹೊರತಂದು ಸಭೆಯೊಳಗೆ ತಾರತಮ್ಯ ಇದೆ ಅಂತ ಒಪ್ಕೊಂಡ್ತು. ಒಪ್ಕೊಂಡಿದ್ದು ಒಳ್ಳೇದು, ನಾವು ಪ್ರೊಟೆಸ್ಟೆಂಟರು ಅದನ್ನ ನೋಡಿ ಕಲೀಬೇಕು.

ಇದರ ಬಗ್ಗೆ ಯೋಚನೆ ಮಾಡಿದವರೇ ಇಲ್ಲ ಅಂತಲ್ಲ. ದಲಿತ ಥಿಯಾಲಜಿ, ಅಂದ್ರೆ ದಲಿತರ ಅನುಭವದಿಂದ ಬೈಬಲ್ ಓದೋ ಚಿಂತನೆ, ಶುರುವಾಗಿದ್ದೇ ನಮ್ಮ ಬೆಂಗಳೂರಲ್ಲಿ. ಮಿಲ್ಲರ್ಸ್ ರೋಡಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಲ್ಲಿ 1981ರಲ್ಲಿ ದೇವಶಾಸ್ತ್ರಜ್ಞ ಅರವಿಂದ ನಿರ್ಮಲ್ ಒಂದು ಉಪನ್ಯಾಸ ಕೊಟ್ರು, ಅಲ್ಲಿಂದ ಈ ಚಿಂತನೆ ದೇಶದ ಸೆಮಿನರಿಗಳಿಗೆಲ್ಲ (ಪಾಸ್ಟರುಗಳನ್ನ ತಯಾರು ಮಾಡೋ ಕಾಲೇಜುಗಳಿಗೆ) ಹಬ್ಬಿತು. ಅವರು ಮುಖ್ಯವಾಗಿ ಹಿಡ್ಕೊಂಡಿದ್ದು ಬೈಬಲ್ಲಿನ ಧರ್ಮೋಪದೇಶಕಾಂಡ 26ನೇ ಅಧ್ಯಾಯ. ಪ್ರಥಮ ಫಲ ತಂದು ದೇವರ ಮುಂದೆ ಇಡೋವಾಗ ಇಸ್ರಾಯೇಲ್ಯರು ತಮ್ಮ ಕಥೆ ಹೇಳಬೇಕು, ನಮ್ಮ ಪೂರ್ವಿಕ ಅಲೆಮಾರಿ ಅರಾಮ್ಯ, ಐಗುಪ್ತದಲ್ಲಿ (ಈಜಿಪ್ಟಲ್ಲಿ) ನಮ್ಮನ್ನ ಬಿಟ್ಟಿ ದುಡಿಸಿದ್ರು, ಕೂಗಿಕೊಂಡ್ವಿ, ದೇವರು ಕೇಳಿಸ್ಕೊಂಡ ಅಂತ. ನಿರ್ಮಲ್ ಹೇಳಿದ್ದು, ನನ್ನ ಪೂರ್ವಿಕನಿಗೆ ಆ ಅರಾಮ್ಯನಿಗಿದ್ದ ಅಲೆಯೋ ಸ್ವಾತಂತ್ರ್ಯವೂ ಇರಲಿಲ್ಲ, ಊರ ಹೊರಗೆ ಹಾಕಿದ್ರು, ಆ ಕಥೆಯನ್ನೂ ದೇವರ ಮುಂದೆ ಹೇಳಬೇಕು ಅಂತ.

ಇದೇ ಅಧ್ಯಾಯ ನಮ್ಮ ಹಾರ್ವೆಸ್ಟ್ ಫೆಸ್ಟಿವಲ್‌ಗೆ ಓದ್ತಾರಲ್ಲ! ಕುಂಬಳಕಾಯಿ, ಬಾಳೆಗೊನೆ, ಕಾಲು ಕಟ್ಟಿದ ನಾಟಿ ಕೋಳಿ, ಯಾರೋ ಮನೇಲಿ ಮಾಡಿ ತಂದ ಕೇಕು, ಎಲ್ಲ ಮುಂದೆ ಇಟ್ಟಿರ್ತಾರೆ, ಆರಾಧನೆ ಮುಗಿದ ಮೇಲೆ ಹರಾಜು, ಒಂದು ತೆಂಗಿನಕಾಯಿ ಐದು ಸಾವಿರಕ್ಕೆ ಹೋದ್ರೂ ಚಪ್ಪಾಳೆ. ನನಗೆ ಅದು ತುಂಬಾ ಇಷ್ಟದ ದಿನ. ಆದ್ರೆ ಪ್ರಸಂಗದಲ್ಲಿ (ಪಾಸ್ಟರ ಉಪದೇಶದಲ್ಲಿ) ಪುಟ್ಟಿ ತುಂಬಾ ಫಲ ತನ್ನಿ ಅನ್ನೋದಕ್ಕೇ ನಿಲ್ಲಿಸ್ತಾರೆ, ಕಥೆ ಹೇಳಿ ಅನ್ನೋ ಭಾಗಕ್ಕೆ ಹೋಗೋದೇ ಇಲ್ಲ. ಆ ಬೆಂಚುಗಳಲ್ಲಿ ಕೂತ ಎಷ್ಟು ಅಜ್ಜಿಯರಿಗೆ ಹೇಳೋಕೆ ಕಥೆ ಇದೆ, ಒಡೆಯರ ಗದ್ದೆ, ಜೀತ, ಬಾವಿ ಕಟ್ಟೆ. ಕೇಳೋರಿಲ್ಲ ಅಷ್ಟೆ.

ಅಯ್ಯನವರನ್ನ, ಅಂದ್ರೆ ನಮ್ಮ ಪಾಸ್ಟರುಗಳನ್ನ, ಬೈಯೋಕೆ ಇದನ್ನ ಬರೀತಿಲ್ಲ. ಸೆಮಿನರಿಯಲ್ಲಿ ಇದನ್ನೆಲ್ಲ ಓದಿ ಬಂದ ಹುಡುಗರು ಪಾಸ್ಟರೇಟಿಗೆ (ಪಾಸ್ಟರ್ ನೋಡ್ಕೊಳ್ಳೋ ಸಭೆಗೆ) ಬಂದ ಮೇಲೆ ಕಮಿಟಿ, ಎಲೆಕ್ಷನ್ನು, ಬಿಲ್ಡಿಂಗ್ ಫಂಡು ಅಂತ ಕಳೆದುಹೋಗ್ತಾರೆ, ಪ್ರಸಂಗದಲ್ಲಿ ಜಾತಿ ಅಂದ್ರೆ "ಅಯ್ಯನವರು ರಾಜಕೀಯ ಮಾಡ್ತಾರೆ" ಅಂತ ಬಿಷಪ್‌ಗೆ ಕಂಪ್ಲೇಂಟು. ಮೇಲಿಂದ ಮತಾಂತರ ಕಾಯ್ದೆಯ ಭಯ ಬೇರೆ. ಆ ಭಯ ಅರ್ಥ ಆಗುತ್ತೆ. ಆದ್ರೆ ಸಭಾಪಾಲಕರು ಅಂದ ಮೇಲೆ ಕುರಿಗೆ ಎಲ್ಲಿ ಗಾಯ ಆಗಿದೆ ಅಂತ ನೋಡಬೇಕಲ್ವಾ. ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಎರಡು ಹೆಸರು, ಸರ್ಟಿಫಿಕೇಟಿಗೆ ಒಂದು, ಸಭೆಗೆ ಒಂದು. ಕಾಲೇಜ್ ಸೀಟು ಹೋಗುತ್ತೆ ಅಂತ ದೀಕ್ಷಾಸ್ನಾನದ ರಿಜಿಸ್ಟರ್‌ನಲ್ಲಿ ಹೆಸರು ಬರೀಬೇಡಿ ಅಂತ ಬೇಡ್ಕೊಳ್ಳೋ ತಾಯಂದಿರಿದ್ದಾರೆ. ಅವರಿಗೆ "ವಿಶ್ವಾಸ ಕಡಿಮೆ" ಅಂತ ಉಪದೇಶ ಮಾಡೋದು ಅನ್ಯಾಯ, ಅವರನ್ನ ಆ ಸ್ಥಿತಿಗೆ ತಂದಿದ್ದು ಒಂದು ಕಾನೂನು.

ದೂರ ಯಾಕೆ, ಕೆಜಿಎಫ್ ನೋಡಿ. ಬೆಜವಾಡ ವಿಲ್ಸನ್ ಹುಟ್ಟಿದ್ದು ಅಲ್ಲಿನ ಒಂದು ದಲಿತ ಕ್ರೈಸ್ತ ಮನೆಯಲ್ಲಿ, ಅಪ್ಪ ಅಣ್ಣ ಎಲ್ಲ ಮಲ ಎತ್ತೋ ಕೆಲಸದಲ್ಲಿದ್ದವರು. ಚಿನ್ನ ತೆಗೆದ ಊರಲ್ಲಿ ಒಣ ಪಾಯಿಖಾನೆ, ಬಕೆಟ್ಟಲ್ಲಿ ತುಂಬಿ ತಲೆ ಮೇಲೆ ಹೊತ್ತು ಹೋಗೋರು. ಅವರು ಅದರ ಫೋಟೋ ತೆಗೆದು ಪ್ರಧಾನಿಯವರೆಗೂ ಕಳಿಸಿದ್ರು, ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದ್ರು, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಹಾಗೆ ಹೊತ್ತವರಲ್ಲಿ ಸಭೆಗೆ ಬಂದು ಕರ್ತನ ಭೋಜನ ತಗೊಳ್ಳೋರೂ ಇದ್ರು. ಅವರ ಕೆಲಸದ ಬಗ್ಗೆ ಎಷ್ಟು ಪ್ರಸಂಗ ಆಗಿರಬಹುದು? ಈಗಲೂ ಮ್ಯಾನ್‌ಹೋಲಲ್ಲಿ ಜನ ಸಾಯ್ತಿದಾರೆ, ನಮ್ಮ ಮಧ್ಯಸ್ಥ ಪ್ರಾರ್ಥನೆಯಲ್ಲಿ ಅವರ ಹೆಸರು ಕೇಳಿದ್ದು ನನಗೆ ನೆನಪಿಲ್ಲ.

ನವೆಂಬರ್ ಎರಡನೇ ಭಾನುವಾರ ದಲಿತ ವಿಮೋಚನಾ ಭಾನುವಾರ, ಎನ್‌ಸಿಸಿಐ (ಪ್ರೊಟೆಸ್ಟೆಂಟ್, ಆರ್ಥೊಡಾಕ್ಸ್ ಸಭೆಗಳ ರಾಷ್ಟ್ರೀಯ ಒಕ್ಕೂಟ), ಸಿಬಿಸಿಐ (ಆಗಲೇ ಹೇಳಿದ ಕಥೋಲಿಕ ಬಿಷಪ್‌ಗಳ ಮಂಡಳಿ) ಎರಡೂ ಸೇರಿ ಆಚರಿಸಿ ಅಂತ ಕರೆ ಕೊಡ್ತವೆ. ನಮ್ಮ ಪಾಸ್ಟರೇಟ್ ಕಮಿಟಿಗೆ ಲೆಟರ್ ಕೊಟ್ಟಿದೀನಿ, ಆವತ್ತು ಧರ್ಮೋಪದೇಶಕಾಂಡ 26 ಓದಿ, ಆಮೇಲೆ ಪ್ರಸಂಗದ ಜಾಗದಲ್ಲಿ ನಮ್ಮ ಸಭೆಯ ಮೂರು ಜನ ಹಿರಿಯರಿಗೆ ಮೈಕ್ ಕೊಡಿ, ಅವರ ಮನೆ ಕಥೆ ಹೇಳಲಿ, ಅದನ್ನ ಬರೆದಿಟ್ಟು ಡಯಾಸಿಸ್ (ಬಿಷಪ್ ಆಡಳಿತ) ಮೂಲಕ ಆಯೋಗಕ್ಕೋ ಸರ್ಕಾರಕ್ಕೋ ಕಳಿಸೋಣ ಅಂತ. ನಿಮ್ಮ ಸಭೆಯಲ್ಲೂ ಕೇಳಿ. ಲೆಟರ್ ಕಾಪಿ ಬೇಕಂದ್ರೆ ಮೆಸೇಜ್ ಮಾಡಿ, ಕಳಿಸ್ತೀನಿ.