ಟೋಪಿಗೆ ಒಂದೇ ಸ್ಟಾರ್

ಮೊದಲು ಟೋಪಿ ನೋಡುತ್ತಾರೆ. ಕಥೆ, ನಟನೆ, ಸಂಗೀತ ಎಲ್ಲ ಆಮೇಲೆ. ಕಡಿಮೆ ದುಡ್ಡಿನಲ್ಲಿ ತೆಗೆದ ಕೌಬಾಯ್ ಸಿನಿಮಾ ಶುರುವಾಗಿ ಮೂರು ನಿಮಿಷ ಆಗಿರುವುದಿಲ್ಲ, ಅಮೆರಿಕದ ಯಾವುದೋ ಊರಿನಲ್ಲಿ ಸೋಫಾ ಮೇಲೆ ಕೂತ ಯಜಮಾನರಿಗೆ ಎಲ್ಲ ಗೊತ್ತಾಗಿಬಿಡುತ್ತದೆ. ಟೋಪಿ ಹೊಸದು. ಧೂಳಿಲ್ಲ. ಅಂಗಿಗೆ ಇಸ್ತ್ರಿ ಆಗಿದೆ. ಊರು ಕಾಯುವ ಪೊಲೀಸ್ ಯಜಮಾನ ಶೆರೀಫನ ಹಲ್ಲು ಬೆಳ್ಳಗಿದೆ. ಮುಗೀತು. ಹತ್ತಕ್ಕೆ ಒಂದು ಸ್ಟಾರ್. ಸೊನ್ನೆ ಕೊಡಲು ಜಾಗವಿಲ್ಲ ಅನ್ನುವುದೊಂದೇ ಕೊರಗು. ಇಷ್ಟಾದ ಮೇಲೂ ಸಿನಿಮಾವನ್ನು ಕೊನೆತನಕ ನೋಡುತ್ತಾರೆ. ಬೈಯಲು ಇನ್ನೇನಾದರೂ ಸಿಕ್ಕೀತು ಅಂತ.

ಪ್ರೇಕ್ಷಕರು ಇಂಟರ್ನೆಟ್ಟಿನಲ್ಲಿ ಸ್ಟಾರ್ ಕೊಟ್ಟು ಬರೆಯುವ ಇಂಥ ಅಭಿಪ್ರಾಯಗಳನ್ನು ಓದುವ ಚಟ ನನಗೆ ಹತ್ತಿ ಎರಡು ವರ್ಷವಾಯಿತು. ಸಿನಿಮಾ ಊಟ, ಇದು ಉಪ್ಪಿನಕಾಯಿ ಅಂತ ಶುರು ಮಾಡಿದ್ದು. ಈಗ ಬರೀ ಉಪ್ಪಿನಕಾಯಿ ನೆಕ್ಕಿಕೊಂಡು ಕೂತಿರುತ್ತೇನೆ.

2015ರ ‘ಬೋನ್ ಟೊಮಾಹಾಕ್’ ತಗೊಳ್ಳಿ. ಎಸ್. ಕ್ರೇಗ್ ಝಾಲರ್ ನಿರ್ದೇಶಿಸಿದ ಮೊದಲ ಸಿನಿಮಾ. ಖರ್ಚು ಸುಮಾರು 18 ಲಕ್ಷ ಡಾಲರ್, ಶೂಟಿಂಗ್ 21 ದಿನ. ಅಲ್ಲಿನ ದೊಡ್ಡ ಸಿನಿಮಾದವರು ಇಷ್ಟನ್ನು ಕಾಫಿ ತಿಂಡಿಗೇ ಬಿಡುತ್ತಾರೇನೋ. ಬ್ರೈಟ್ ಹೋಪ್ ಅನ್ನುವ ಸಣ್ಣ ಊರು. ಗುಹೆಯಲ್ಲಿರುವ ನರಭಕ್ಷಕರು ರಾತ್ರೋರಾತ್ರಿ ಬಂದು ಊರವರನ್ನು ಹೊತ್ತುಕೊಂಡು ಹೋಗುತ್ತಾರೆ. ಬಿಡಿಸಿಕೊಂಡು ಬರಲು ನಾಲ್ಕು ಜನ ಹೊರಡುತ್ತಾರೆ. ಶೆರೀಫನಾಗಿ ಕರ್ಟ್ ರಸೆಲ್, ಅವನ ಮುದುಕ ಸಹಾಯಕನಾಗಿ ರಿಚರ್ಡ್ ಜೆಂಕಿನ್ಸ್, ಸೂಟುಬೂಟಿನ ಗತ್ತುಗಾರನಾಗಿ ಮ್ಯಾಥ್ಯೂ ಫಾಕ್ಸ್. ನಾಲ್ಕನೆಯವನು ಪ್ಯಾಟ್ರಿಕ್ ವಿಲ್ಸನ್. ಹೆಂಡತಿಯನ್ನು ಕಳಕೊಂಡವನು ಇವನೇ, ಕಾಲು ಮುರಿದಿರುವುದೂ ಇವನಿಗೇ. ಸಿನಿಮಾ 132 ನಿಮಿಷ. ಅದರಲ್ಲಿ ಬಹಳ ಹೊತ್ತು ದಾರಿ ಸವೆಸುವುದೇ ಆಯಿತು. ಕೊನೆಗೆ ಗುಹೆ. ಗುಹೆಯೊಳಗೆ ಏನಾಗುತ್ತದೆ ಅಂತ ಊಟದ ಹೊತ್ತಿನಲ್ಲಿ ಓದುವವರಿಗೆ ಹೇಳಬಾರದು.

ಇದನ್ನು ನೋಡಲು ಎರಡು ಜಾತಿಯ ಜನ ಬಂದರು. ಕೌಬಾಯ್ ಭಕ್ತರು ಮತ್ತು ರಕ್ತದ ಸಿನಿಮಾ ಭಕ್ತರು. ಹೋಳಿಗೆ ಊಟ ಅಂತ ಕೂತವನ ಎಲೆಗೆ ಕೊನೆಯಲ್ಲಿ ಮಟನ್ ಸಾರು ಬಿತ್ತು. ಮಟನ್ ಸಾರಿಗೆ ಅಂತಲೇ ಬಂದವನಿಗೆ ಒಂದೂವರೆ ಗಂಟೆ ಕೋಸಂಬರಿ ಬಡಿಸಿದರು. ಇಬ್ಬರೂ ಎಲೆ ಬಿಟ್ಟು ಎದ್ದರು. ಒಬ್ಬ ಹೇಳುತ್ತಾನೆ, ಎಲ್ಲ ಚೆನ್ನಾಗಿತ್ತು, ಆ ಗುಹೆ ಯಾಕೆ ಬೇಕಿತ್ತು? ಇನ್ನೊಬ್ಬ ಹೇಳುತ್ತಾನೆ, ಗುಹೆ ಚೆನ್ನಾಗಿದೆ, ಅಲ್ಲಿಗೆ ಹೋಗಲು ಇಷ್ಟು ಹೊತ್ತು ಯಾಕೆ? ಮುರಿದ ಕಾಲಲ್ಲಿ ಹೋಗಲಿಕ್ಕೆ ಅಷ್ಟು ಹೊತ್ತು ಬೇಕಪ್ಪಾ ಅಂತ ಯಾರು ಹೇಳಬೇಕು?

ತಮಾಷೆ ಅಂದರೆ ಒಂದು ಸ್ಟಾರ್ ಕೊಟ್ಟವನೂ ‘ನಿಧಾನ’ ಅನ್ನುತ್ತಾನೆ, ಹತ್ತು ಸ್ಟಾರ್ ಕೊಟ್ಟವನೂ ‘ನಿಧಾನ’ ಅನ್ನುತ್ತಾನೆ. ಒಬ್ಬನಿಗೆ ಅದು ಬೈಗುಳ, ಇನ್ನೊಬ್ಬನಿಗೆ ಮಂಗಳಾರತಿ.

ದಾರಿಯಲ್ಲಿ ಕಳ್ಳರು ಬಂದು ಕುದುರೆಗಳನ್ನು ಹೊಡೆದುಕೊಂಡು ಹೋಗುತ್ತಾರೆ. ಆಮೇಲೆ ಎಲ್ಲರೂ ನಡೆದೇ ಹೋಗಬೇಕು, ಕುಂಟನೂ ಸೇರಿ. ಪ್ರೇಕ್ಷಕ ಇದನ್ನು ನಂಬುವುದಿಲ್ಲ. ಕುದುರೆ ಬಾಡಿಗೆ ಉಳಿಸಲು ನಿರ್ಮಾಪಕನೇ ಕಳ್ಳರನ್ನು ಕಳಿಸಿದ್ದಾನೆ ಅಂತ ಅವನ ಗುಮಾನಿ. ಸುಳ್ಳು ಯಾಕೆ ಹೇಳಲಿ, ನನಗೂ ಆ ಗುಮಾನಿ ಇದೆ.

ನನಗೆ ಇಷ್ಟವಾದದ್ದು ಆ ಮುದುಕ. ಸ್ನಾನದ ತೊಟ್ಟಿಯಲ್ಲಿ ಕೂತು ಪುಸ್ತಕ ಓದುವುದು ಹೇಗೆ, ಪುಸ್ತಕ ಒದ್ದೆಯಾಗಲ್ವಾ ಅನ್ನುವುದು ಅವನಿಗೆ ದೊಡ್ಡ ಸಮಸ್ಯೆ. ಸಾವು ಎದುರಿಗಿದ್ದಾಗಲೂ ಚಿಗಟಗಳ ಸರ್ಕಸ್ಸಿನ ಬಗ್ಗೆ ಮಾತು. ಇದಕ್ಕೆ ಪೈಸೆ ಖರ್ಚಿಲ್ಲ. ನಮ್ಮೂರಿನ ಬಸ್ ಸ್ಟ್ಯಾಂಡಿನಲ್ಲಿ ಸಿಗುವಂಥ ಮನುಷ್ಯ. ಇದನ್ನೇ ಕೆಲವರು ‘ಸುಮ್ನೆ ಮಾತು, ಫಾರ್ವರ್ಡ್ ಮಾಡಿ’ ಅಂದುಬಿಡುತ್ತಾರೆ.

ಇವರೆಲ್ಲ ಪರವಾಗಿಲ್ಲ. ಭಯ ಆಗುವುದು ಇತಿಹಾಸ ತಜ್ಞರನ್ನು ಕಂಡರೆ. ಅದರಲ್ಲೂ ಗುಂಡು ಎಣಿಸುವವರು. ಅವರು ಸಿನಿಮಾ ನೋಡುವುದಿಲ್ಲ, ಅಂಗಡಿಯಲ್ಲಿ ಸ್ಟಾಕ್ ಎಣಿಸುವ ಹಾಗೆ ಎಣಿಸುತ್ತಾರೆ. 1873ರ ಕೋಲ್ಟ್ ರಿವಾಲ್ವರಿಗೆ ಆರೇ ಗುಂಡು. ಹೀರೊ ಏಳನೆಯದು ಹೊಡೆದ. ಸಿಕ್ಕಿಬಿದ್ದ! ನಿಜ ಹೇಳಬೇಕೆಂದರೆ ಆಗಿನ ಬುದ್ಧಿವಂತರು ಐದೇ ತುಂಬುತ್ತಿದ್ದರು. ಕುದುರೆ ಕುಲುಕಿದರೆ ಗುಂಡು ಹಾರಿ ತಮ್ಮ ಕಾಲಿಗೇ ಬೀಳಬಾರದು ಅಂತ ಗುಂಡಿಗೆ ಬಡಿಯುವ ಸುತ್ತಿಗೆಯ ಕೆಳಗಿನ ಮನೆ ಖಾಲಿ ಬಿಡುತ್ತಿದ್ದರು. ಹಾಗೆಂದು ಯಾವನಾದರೂ ಬಡ ನಿರ್ದೇಶಕ ಹೀರೊ ಕೈಯಲ್ಲಿ ಐದು ಹೊಡೆಸಿ ನಿಲ್ಲಿಸಲಿ ನೋಡೋಣ. ಆರನೆಯದಕ್ಕೆ ದುಡ್ಡಿರಲಿಲ್ಲವಾ ಅಂತ ಬರುತ್ತದೆ.

ಅರಿಜೋನಾದ ಟೂಂಬ್‌ಸ್ಟೋನ್ ಊರಿನಲ್ಲಿ 1881ರ ಅಕ್ಟೋಬರ್ 26ರಂದು ನಡೆದ ಓಕೆ ಕೊರಾಲ್ ಕಾಳಗ ಗೊತ್ತಲ್ವಾ? ಕೌಬಾಯ್ ಲೋಕದ ಕುರುಕ್ಷೇತ್ರ ಅದು. ನಡೆದದ್ದು ಸುಮಾರು 30 ಸೆಕೆಂಡು. ಹಾರಿದ್ದು ಸುಮಾರು 30 ಗುಂಡು. ಎದುರುಬದುರು ನಿಂತವರ ನಡುವೆ ಶುರುವಿನಲ್ಲಿ ಒಂದೆರಡು ಮಾರು ದೂರ. ಅಷ್ಟಾಗಿ ಸತ್ತವರು ಮೂವರು. ಇದನ್ನು ಇದ್ದ ಹಾಗೇ ತೆಗೆದರೆ ಏನು ಬರೆಯುತ್ತಾರೆ ಅಂತ ನಾನೇ ಹೇಳುತ್ತೇನೆ: ‘ಇವರಿಗೆ ಗುರಿ ಇಡಲು ಬರುವುದಿಲ್ಲ, ಕ್ಲೈಮ್ಯಾಕ್ಸ್ ಚಿಕ್ಕದಾಯಿತು, ಬಜೆಟ್ ಖಾಲಿಯಾಗಿದೆ.’

ಇನ್ನೊಬ್ಬರಿಗೆ ಉರುಳುವ ಗಿಡ ಬೇಕು. ಗಾಳಿಗೆ ಬೀದಿಯಲ್ಲಿ ಉರುಳಿಕೊಂಡು ಹೋಗುವ ಒಣ ಮುಳ್ಳಿನ ಚೆಂಡು. ಅದಿಲ್ಲದೆ ಏನು ಕೌಬಾಯ್ ಊರು ಅಂತ ವಾದ. ಆ ಗಿಡ ಅಮೆರಿಕದ್ದೇ ಅಲ್ಲ. 1870ರ ದಶಕದಲ್ಲಿ ರಷ್ಯಾದಿಂದ ಬಂದ ಅಗಸೆ ಬೀಜದ ಜೊತೆ ಕಳೆಯಾಗಿ ಸೇರಿಕೊಂಡು ದಕ್ಷಿಣ ಡಕೋಟಾಕ್ಕೆ ಇಳಿಯಿತು. ಮೂಟೆಯಲ್ಲಿ ಬಂದ ವಲಸಿಗ. 1860ರ ಕಥೆಯಲ್ಲಿ ಅದನ್ನು ಉರುಳಿಸಿದವನು ನಿಜವಾದ ಸುಳ್ಳುಗಾರ. ಆದರೆ ಒಂದು ಸ್ಟಾರ್ ಸಿಗುವುದು ಉರುಳಿಸದವನಿಗೆ.

ಟೋಪಿಗೇ ಬರೋಣ. ಬುಚ್ ಕ್ಯಾಸಿಡಿ ಅಂತ ಹೆಸರಾಂತ ದರೋಡೆಕೋರ. 1900ರಲ್ಲಿ ಅವನೂ ಅವನ ಗ್ಯಾಂಗಿನ ನಾಲ್ವರೂ ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿ ಸ್ಟುಡಿಯೊಗೆ ಹೋಗಿ ಫೋಟೊ ಹಿಡಿಸಿಕೊಂಡರು. ಐದೂ ಜನ ಕೋಟು, ವೇಸ್ಟ್‌ಕೋಟು ಹಾಕಿದ್ದಾರೆ. ಎಲ್ಲರ ತಲೆ ಮೇಲೂ ಚಾರ್ಲಿ ಚಾಪ್ಲಿನ್ ಹಾಕುತ್ತಿದ್ದಂಥ ಗುಂಡು ಟೋಪಿ. ಮದುವೆಗೆ ಬಂದ ಬೀಗರ ಹಾಗೆ ಕಾಣುತ್ತಾರೆ. ಒಂದು ಕಡೆಯೂ ಧೂಳಿಲ್ಲ. ಇವತ್ತು ಈ ಫೋಟೊವನ್ನು ಸಿನಿಮಾ ಪೋಸ್ಟರ್ ಅಂತ ತೋರಿಸಿದರೆ ನಮ್ಮ ಸೋಫಾ ಯಜಮಾನರು ಬಿದ್ದು ಬಿದ್ದು ನಗುತ್ತಾರೆ. ಸಂಶೋಧನೆ ಮಾಡಿ ಬನ್ನಿ ಮರಿಗಳಾ ಅನ್ನುತ್ತಾರೆ.

ಹಾಗಾದರೆ ಇವರ ಇತಿಹಾಸ ಎಲ್ಲಿಂದ ಬಂತು? ಸಿನಿಮಾದಿಂದಲೇ. ಅದೂ ಎಂಥ ಸಿನಿಮಾ! 1964ರಲ್ಲಿ ಸರ್ಜಿಯೊ ಲಿಯೋನೆ ಅನ್ನುವ ಇಟಲಿಯವನು ಅಮೆರಿಕದ ನಟ ಕ್ಲಿಂಟ್ ಈಸ್ಟ್‌ವುಡ್‌ನನ್ನು ಕರೆಸಿಕೊಂಡು ಒಂದು ಕೌಬಾಯ್ ಚಿತ್ರ ತೆಗೆದ. ಅದೂ ಕಡಿಮೆ ಬಜೆಟ್ಟಿನದೇ. ಮರುಭೂಮಿ ಸ್ಪೇನಿನದು. ಕಥೆ ಜಪಾನಿನ ನಿರ್ದೇಶಕ ಕುರೊಸಾವಾನ ಸಿನಿಮಾದ್ದು. ಜಪಾನಿನವರು ಕೇಸು ಹಾಕಿ ಪಾಲು ವಸೂಲಿ ಮಾಡಿದರು. ನಿರ್ದೇಶಕನೂ ಅಮೆರಿಕದವನೇ ಅಂತ ಕಾಣಲಿ ಅಂತ ಲಿಯೋನೆ ತನ್ನ ಹೆಸರನ್ನು ‘ಬಾಬ್ ರಾಬರ್ಟ್‌ಸನ್’ ಅಂತ ಹಾಕಿಕೊಂಡ. ಕನ್ನಡದಲ್ಲಿ ಇದಕ್ಕೆ ಟೋಪಿ ಹಾಕುವುದು ಅನ್ನುತ್ತಾರೆ. ಚೆನ್ನಾಗಿಯೇ ಹಾಕಿದ, ನಾನೂ ನಾಲ್ಕು ಸಲ ನೋಡಿದ್ದೇನೆ. ಆದರೆ ಈಗ ಅದು ಕೌಬಾಯ್‌ಗಳ ‘ಅಸಲಿ ಪಶ್ಚಿಮ’. ಅಮೆರಿಕದ ಮಣ್ಣಿನಲ್ಲೇ ಕ್ಯಾಮೆರಾ ಇಟ್ಟು ತೆಗೆದ ಬಡಪಾಯಿ ಸಿನಿಮಾ ನಕಲಿ.

ನಮ್ಮಲ್ಲೂ ದ್ವಾರಕೀಶ್ 1973ರಲ್ಲೇ ‘ಕೌಬಾಯ್ ಕುಳ್ಳ’ ಆಗಿದ್ದರು. ಟೋಪಿ ಹೊಸದಾ ಹಳೇದಾ ಅಂತ ಆಗ ಯಾರೂ ಕೇಳಿದ್ದು ಕಾಣೆ.

ಇನ್ನು ಹತ್ತು ಸ್ಟಾರ್‌ನವರು. ಸಿನಿಮಾ ಬಂದ ದಿನವೇ ಬರುತ್ತಾರೆ, ಗುಂಪಾಗಿ ಬರುತ್ತಾರೆ. ಎಲ್ಲರದೂ ಒಂದೇ ಮಾತು: ವರ್ಷದ ಶ್ರೇಷ್ಠ ಚಿತ್ರ, ಕುಟುಂಬ ಸಮೇತ ನೋಡಿ. ಒಬ್ಬರಂತೂ ಬಾರಿನ ಜಗಳದಲ್ಲಿ ನಾಲ್ಕನೇ ಹೆಣವಾಗಿ ಬಿದ್ದಿದ್ದ ಹುಡುಗನ ನಟನೆಯನ್ನು ಒಂದು ಪ್ಯಾರಾ ಹೊಗಳಿದ್ದರು. ಅಮ್ಮನೇ ಇರಬೇಕು. ಹೆಣ ಉಸಿರು ಹಿಡಿದದ್ದನ್ನು ಅಮ್ಮನಲ್ಲದೆ ಇನ್ಯಾರು ಗಮನಿಸುತ್ತಾರೆ?

ಮತ್ತೆ, ‘ನನ್ನ ಎರಡು ಗಂಟೆ ವಾಪಸ್ ಕೊಡಿ’ ಅನ್ನುವವರು. ಸಿನಿಮಾ ಇರುವುದು 88 ನಿಮಿಷ. ಜಾಹೀರಾತಿನ ನಡುವೆ ಬಿಟ್ಟಿಯಾಗಿ ನೋಡಿದ್ದು. ಉಳಿದ 32 ನಿಮಿಷಕ್ಕೆ ಯಾರ ಮೇಲೆ ದಾವಾ?

ಮೊನ್ನೆ ಶನಿವಾರ ರಾತ್ರಿ ಇಂಥದ್ದೇ ಒಂದು ಸಿನಿಮಾ ನೋಡುತ್ತಿದ್ದೆ. ಶೆರೀಫ ಬೆಟ್ಟದ ಮೇಲೆ ಒಬ್ಬನೇ ನಿಂತಿದ್ದಾನೆ. ಅವನ ಹಿಂದಿನ ಆಕಾಶದಲ್ಲಿ, ಎಡಗಡೆ, ಬೆಳ್ಳಗೆ ಒಂದು ಗೆರೆ. ವಿಮಾನ ಹೋದ ಗೆರೆ! 1880ರ ಕಥೆಯಲ್ಲಿ ವಿಮಾನ! ನಿಲ್ಲಿಸಿದೆ. ಫೋಟೊ ತೆಗೆದೆ. ಒಂದು ಸ್ಟಾರ್ ಒತ್ತಿದೆ. ‘ಜನರನ್ನು ಕುರುಡರು ಅಂದುಕೊಂಡಿದ್ದೀರಾ’ ಅಂತ ಶುರು ಮಾಡಿ ಎಂಟು ಸಾಲು ಬರೆದು ಕಳಿಸಿಯೂ ಬಿಟ್ಟೆ. ಖುಷಿ ತಡೆಯಲಾರದೆ ಹೆಂಡತಿಯನ್ನು ಕೂಗಿದೆ.

‘ಬಾರೇ ಇಲ್ಲಿ, ನೋಡು, ವಿಮಾನದ ಗೆರೆ.’

ಅವಳು ಒಗೆದ ಬಟ್ಟೆ ಮಡಚುತ್ತಿದ್ದಳು. ಟವೆಲ್ ಕೈಯಲ್ಲೇ ಹಿಡಿದು ಬಂದು ನೋಡಿದಳು.

‘ರೀ, ಅದು ಟೀವಿ ಮೇಲಿನ ಕಲೆ. ಒರೆಸಿ ಅಂತ ದೀಪಾವಳಿಯಿಂದ ಬಡ್ಕೊತಿದೀನಿ.’

ಒರೆಸಿದೆ. ಹೋಯಿತು. ಟೋಪಿ ಮೇಲೂ ಸ್ವಲ್ಪ ಧೂಳಿತ್ತು, ಅದೂ ಹೋಯಿತು.